ಒಂದು ಪೈಪಿನ ಪ್ರಾಯ

ಹೊಗೆ ನಿಂತು ಎಷ್ಟೋ ಕಾಲವಾದ ಪೈಪಿನ ಬಾಯಲ್ಲಿ ಒಂದು ತಣ್ಣನೆಯ ವಾಸನೆ ಉಳಿದಿರುತ್ತದೆ. ಒಣದ್ರಾಕ್ಷಿ, ಹಳೆಯ ಪುಸ್ತಕದ ಬೆನ್ನು, ಮಳೆಹನಿ ಬಿದ್ದ ಒಲೆಬೂದಿ ಈ ಮೂರನ್ನೂ ಒಂದೇ ಉಸಿರಿನಲ್ಲಿ ನೆನಪಿಗೆ ತರುವ ಆ ವಾಸನೆ ಮೂಗಿಗೆ ಸಿಕ್ಕಷ್ಟು ಸುಲಭವಾಗಿ ಮಾತಿಗೆ ಸಿಗುವುದಿಲ್ಲ. ಅದನ್ನು ಮೂಸುತ್ತ ಕೂತರೆ ತಂಬಾಕು ಸೇದದ ನನ್ನಂಥವನಿಗೂ ಯಾರದೋ ಸಂಜೆಯೊಂದು ಮೈಗೆ ತಾಗಿದಂತಾಗುತ್ತದೆ. ಯಾವ ಊರಿನ ಸಂಜೆ, ಯಾವ ಇಸವಿಯದು, ಹೊರಗೆ ಮಳೆಯಿತ್ತೋ ಕುದುರೆಗಾಡಿಯ ಸದ್ದಿತ್ತೋ, ಮರ ಅದೊಂದನ್ನೂ ಹೇಳುವುದಿಲ್ಲ. ಆದರೆ ಒಂದು ಸಂಜೆ ಇತ್ತು ಎಂಬುದನ್ನು ಮಾತ್ರ ಎದೆಗೊತ್ತಿ ಹಿಡಿದುಕೊಂಡಿರುತ್ತದೆ.

ಈ ಪೈಪು ಸಿಕ್ಕಿದ್ದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ. ಕೀಲಿಕೈ ಕಳೆದುಕೊಂಡ ಹಿತ್ತಾಳೆ ಬೀಗಗಳು, ಹಾಡು ಮರೆತ ಗ್ರಾಮಫೋನ್ ತಟ್ಟೆಗಳು, ಒಂಟಿ ಬೂಟು, ಗಾಜಿಲ್ಲದ ಲಾಟೀನು, ಇವುಗಳ ನಡುವೆ ಗೋಣಿತಾಟಿನ ಮೇಲೆ ಬಿಸಿಲು ಕಾಯಿಸುತ್ತ ಮಲಗಿತ್ತು. ಗುಜರಿಯವನು ಅದನ್ನು ಅಂಗಿಯ ತುದಿಗೆ ಒರೆಸಿ ಕೈಗಿತ್ತು, “ಬ್ರಿಟಿಷ್ ಟೈಮ್‌ದು ಸಾರ್, ಒರಿಜಿನಲ್” ಎಂದ. ಬ್ರಿಟಿಷ್ ಟೈಮ್ ಅಂದರೆ ಯಾವಾಗಪ್ಪಾ ಎಂದು ಕೇಳಿದರೆ, “ನಮ್ ತಾತನ್ ಟೈಮ್ ಸಾರ್” ಎಂದು ನಕ್ಕ. ಮೆಟ್ರೊದಲ್ಲಿ ಚಿಕ್ಕಪೇಟೆಯಿಂದ ಜಯನಗರಕ್ಕೆ ಬರುವಾಗ ಜೇಬಿನೊಳಗೆ ಅದರ ತೂಕವನ್ನು ಕೈಯಿಂದ ಸವರುತ್ತಿದ್ದೆ. ಅವನ ಉತ್ತರ ತಪ್ಪೆನ್ನಿಸಲಿಲ್ಲ. ತಾತನ ಕಾಲ ಎನ್ನುವುದಕ್ಕೆ ಅಂಚಿಲ್ಲ, ನಮಗೆ ನೆನಪಿರುವ ಅತಿ ಹಿರಿಯ ಮುಖದ ಹಿಂದೆ ಎಲ್ಲಿಂದಲೋ ಅದು ಶುರುವಾಗುತ್ತದೆ.

ಜಯನಗರದ ಅಡ್ಡರಸ್ತೆಗಳಲ್ಲಿ ಬೆಳಕು ಮನೆಯೊಳಗೆ ನೇರವಾಗಿ ಬರುವುದು ಕಡಿಮೆ. ಹೊಂಗೆಯ ಎಲೆಗಳಲ್ಲಿ ಒಮ್ಮೆ, ಕಿಟಕಿಯ ಸರಳುಗಳಲ್ಲಿ ಇನ್ನೊಮ್ಮೆ ಸೋಸಿಕೊಂಡು ಮೇಜಿಗೆ ಬರುವ ಹೊತ್ತಿಗೆ ಅದು ಹಸಿರು ಹನಿಯ ಚೂರುಗಳಾಗಿರುತ್ತದೆ. ಅಂಥ ಬೆಳಕಿನಲ್ಲಿ ಪೈಪನ್ನು ತಿರುಗಿಸಿದರೆ ಮೊದಲು ಮಿನುಗುವುದು ಅದರ ಕೊರಳ ಸುತ್ತ ಇರುವ ಬೆಳ್ಳಿಯ ಬಳೆ, ಆಮೇಲೆ ಆ ಬಳೆಯ ಮೇಲೆ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಮುದ್ರೆಗಳು. ಒಂದರಲ್ಲಿ ಲಂಗರು. ಒಂದರಲ್ಲಿ ಬಲಗಾಲೆತ್ತಿ ನಡೆಯುವ ಸಿಂಹ. ಇನ್ನೊಂದರಲ್ಲಿ ಒಂಟಿ ಅಕ್ಷರ.

ಲಂಗರು ಬರ್ಮಿಂಗ್‌ಹ್ಯಾಮ್ ಊರಿನ ಗುರುತು. ಸಮುದ್ರದಿಂದ ಬಲು ದೂರದ ಆ ಊರಿಗೆ ಲಂಗರು ಹೇಗೆ ಬಂತೆಂದರೆ, 1773ರಲ್ಲಿ ಅಲ್ಲಿಗೊಂದು ಬೆಳ್ಳಿ ಪರೀಕ್ಷೆಯ ಕಚೇರಿ ಬೇಕೆಂದು ಕೇಳಿಕೊಳ್ಳಲು ಹೋದವರು ಲಂಡನ್ನಿನಲ್ಲಿ ಕೂಡುತ್ತಿದ್ದ ಹೋಟೆಲಿನ ಹೆಸರಿನಲ್ಲೇ ಕಿರೀಟವೂ ಲಂಗರೂ ಇದ್ದವಂತೆ, ಕಿರೀಟ ಷೆಫೀಲ್ಡ್‌ಗೆ ಹೋಗಿ ಲಂಗರು ಇವರ ಪಾಲಿಗೆ ಬಂತಂತೆ. ಸಿಂಹವೆಂದರೆ ಬೆಳ್ಳಿ ಚೊಕ್ಕವಾಗಿದೆ, ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿಯೇ ಎಂಬ ಭರವಸೆ. ಅಕ್ಷರವೆಂದರೆ ವರ್ಷ. ಲಂಡನ್ನಿನ ಅಕ್ಕಸಾಲಿಗರ ಸಂಘ 1478ರಲ್ಲಿ ಶುರುಮಾಡಿದ ಈ ಕ್ರಮದಲ್ಲಿ ಪ್ರತಿ ವರ್ಷಕ್ಕೂ ಒಂದು ಅಕ್ಷರ. ಕಳಪೆ ಬೆಳ್ಳಿ ಹೊರಬಿದ್ದರೆ ಆ ವರ್ಷ ಒರೆಹಚ್ಚಿದವನನ್ನು ಹಿಡಿದು ಕೇಳಬಹುದು ಎಂಬುದು ಅದರ ಹಿಂದಿನ ಲೆಕ್ಕ. ಕಳ್ಳತನದ ಭಯದಿಂದ ಹೊಡೆದ ಮುದ್ರೆ ಕಾಲಕ್ಕೇ ಸಾಕ್ಷಿಯಾಗಿ ನಿಂತುಬಿಟ್ಟಿದೆ, ಹೊಡೆದವರಿಗೆ ಅದರ ಅರಿವೂ ಇರಲಾರದು.

ಬರ್ಮಿಂಗ್‌ಹ್ಯಾಮಿನವರು 25 ಅಕ್ಷರಗಳನ್ನು 25 ವರ್ಷಗಳಿಗೆ ಹಂಚಿ, ಮುಗಿದ ಕೂಡಲೇ ಬರಹದ ರೂಪ ಬದಲಿಸಿ, ಅಕ್ಷರದ ಸುತ್ತಲಿನ ಗುರಾಣಿಯ ಆಕಾರ ಬದಲಿಸಿ, ಮತ್ತೆ ಮೊದಲಿನಿಂದ ತೊಡಗುತ್ತಿದ್ದರು. 1900ಕ್ಕೆ ಸಣ್ಣ ‘ಎ’, 1925ಕ್ಕೆ ದೊಡ್ಡ ‘ಎ’, 1950ಕ್ಕೆ ಮತ್ತೊಂದು ದೊಡ್ಡ ‘ಎ’. ನನ್ನ ಕೈಯಲ್ಲಿರುವುದು ‘ಸಿ’. ಇಂಗ್ಲಿಷಿನ ಆ ಅಕ್ಷರಕ್ಕೆ ಸಣ್ಣದಾದರೂ ದೊಡ್ಡದಾದರೂ ಒಂದೇ ಮೈಕಟ್ಟು, ಬೆಳೆದರೂ ಮುಖ ಮಾಗದ ಮಗು. ಸುತ್ತಲಿನ ಗುರಾಣಿ ಸವೆದು ಬರಿಯ ಮಬ್ಬು ಉಳಿದಿದೆ. ಹಾಗಾಗಿ ಈ ‘ಸಿ’ 1902 ಆಗಬಹುದು, 1927 ಆಗಬಹುದು, 1952ರದೂ ಆಗಬಹುದು. ಒಂದು ಬಾಗು ಗೆರೆಯೊಳಗೆ ಅರ್ಧ ಶತಮಾನ ಮಡಿಸಿಕೊಂಡು ಕೂತಿದೆ.

ಇದು ನಮಗೆ ಹೊಸ ಪರಿಯ ಒಗಟಲ್ಲ. ಹಳೆಯ ಮನೆಗಳಲ್ಲಿ ಹಿರಿಯರು ಹುಟ್ಟಿದ ವರ್ಷವನ್ನು ಇಸವಿಯಿಂದ ಹೇಳುತ್ತಿರಲಿಲ್ಲ. ವಿಶ್ವಾವಸು ಸಂವತ್ಸರ, ಆಶ್ವಯುಜ ಮಾಸ, ನವರಾತ್ರಿಯ ಮೂರನೇ ದಿನ ಎನ್ನುತ್ತಿದ್ದರು. ಅರವತ್ತು ಹೆಸರುಗಳ ಮಾಲೆ ಸುತ್ತಿ ಸುತ್ತಿ ಬರುವಾಗ ವಿಶ್ವಾವಸು 1905ರಲ್ಲೂ ಬಂತು, 1965ರಲ್ಲೂ ಬಂತು, 2025ರಲ್ಲೂ ಬಂತು. ಹೆಸರು ಒಂದೇ, ಯಾವ ಸುತ್ತಿನದೆಂದು ತಿಳಿಯಲು ಹೇಳುವವರ ಮುಖ ನೋಡಬೇಕು. ಶಾಸನ ಕೊರೆಸಿದವರು ಈ ತೊಡಕನ್ನು ಬಲ್ಲವರೇ. ಅದಕ್ಕೇ ಶಕವರ್ಷದ ಎಣಿಕೆಯನ್ನೂ ಸಂವತ್ಸರದ ಹೆಸರನ್ನೂ ಜೊತೆಜೊತೆಗೆ ಕಲ್ಲಿಗೆ ಹಾಕಿಸುತ್ತಿದ್ದರು, ಒಂದು ಮಸುಕಾದರೆ ಇನ್ನೊಂದು ಕೈಹಿಡಿಯಲೆಂದು. ಇನ್ನೂ ಒಂದು ಹೋಲಿಕೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ನಮ್ಮ ಸಂವತ್ಸರ ಜನವರಿಗೆ ಕಾಯದೆ ಯುಗಾದಿಗೆ ಬದಲಾಗುವ ಹಾಗೆ ಬರ್ಮಿಂಗ್‌ಹ್ಯಾಮಿನ ಅಕ್ಷರವೂ ಆ ದಿನಗಳಲ್ಲಿ ಜುಲೈ ತಿಂಗಳಿಗೆ ಬದಲಾಗುತ್ತಿತ್ತು. ಗೋಡೆಯ ಕ್ಯಾಲೆಂಡರಿಗೆ ಹೊಂದದ ವರ್ಷಗಳು, ಎರಡು ಇಸವಿಗಳ ತೊಡೆಯ ಮೇಲೆ ಅರ್ಧ ಅರ್ಧ ಮಲಗಿದ ವರ್ಷಗಳು. ನಮ್ಮ ಲೆಕ್ಕದಲ್ಲಿ ಈ ಮೂರು ‘ಸಿ’ಗಳು ಶುಭಕೃತು, ಪ್ರಭವ, ನಂದನ.

ಮೂರನ್ನೂ ಒಂದೊಂದಾಗಿ ಈ ಕಿಟಕಿಯ ಹೊರಗೆ ಇಟ್ಟು ನೋಡುವುದು ಒಂದು ಚಟವೇ ಆಯಿತು. ಶುಭಕೃತುವಿನಲ್ಲಿ ಕಿಟಕಿ ಇಲ್ಲ, ಮನೆಯಿಲ್ಲ, ಬೀದಿಯೂ ಇಲ್ಲ. ಪ್ಲೇಗಿನ ಭಯದಲ್ಲಿ ಎದ್ದ ಬಸವನಗುಡಿ ಇನ್ನೂ ಸುಣ್ಣದ ವಾಸನೆಯ ಹೊಸ ಬಡಾವಣೆ. ಅದರಾಚೆ ರಾಗಿ ಹೊಲ, ಕೆರೆ, ಬೈರಸಂದ್ರ, ತಾವರೆಕೆರೆ, ಸಾರಕ್ಕಿ ಎಂಬ ಹಳ್ಳಿಗಳ ಒಲೆಹೊಗೆ. 1902ರ ಆಗಸ್ಟ್ 8ರಂದು ಮೈಸೂರಿನಲ್ಲಿ ಹದಿಹರೆಯದ ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಭಾರ ವಹಿಸಿಕೊಂಡಾಗ ಈ ಬೆಳ್ಳಿಗೆ ಅಲ್ಲಿ ದೂರದಲ್ಲಿ ಉಳಿಯೇಟು ಬೀಳುತ್ತಿದ್ದಿರಬಹುದು. ಪ್ರಭವದಲ್ಲಿ, ಅಂದರೆ 1927ರ ಆಗಸ್ಟಿನಲ್ಲಿ, ಅದೇ ಮಹಾರಾಜರ ಆಳ್ವಿಕೆಗೆ ಬೆಳ್ಳಿಹಬ್ಬ. ಲಾಲ್‌ಬಾಗಿನಲ್ಲಿ ಆಗ ತೋಟಗಾರಿಕೆಯ ತಜ್ಞ ಕೃಂಬಿಗಲ್ ಗಿಡಗಳ ನಡುವೆ ಓಡಾಡುತ್ತಿದ್ದ ಕಾಲ, ಬೇರೆ ಬೇರೆ ತಿಂಗಳಲ್ಲಿ ಹೂವಾಗುವ ಮರಗಳನ್ನು ಈ ಊರಿನ ಬೀದಿಗಳಿಗೆ ಆರಿಸುತ್ತಿದ್ದ ಕಾಲ. ನಂದನದಲ್ಲಿ ಅವರ ನಂತರದ ಮಹಾರಾಜರು ರಾಜಪ್ರಮುಖರಾಗಿದ್ದಾರೆ, ವಿಧಾನಸೌಧದ ಕಲ್ಲುಗಳ ಮೇಲೆ ಉಳಿ ಕುಣಿಯುತ್ತಿದೆ, 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರ ಹೊಲಗಳ ಮೇಲೆ ಗೆರೆ ಎಳೆದುಕೊಂಡು ಮೆಲ್ಲಗೆ ಹಬ್ಬುತ್ತಿದೆ. ಪೈಪು ಆ ಮೂರು ಬೆಳಗುಗಳಲ್ಲಿ ಯಾವುದರದೋ. ಒಂದನ್ನು ಆರಿಸಿಕೊಂಡರೆ ಉಳಿದೆರಡನ್ನು ಕಳೆದುಕೊಂಡೇನೆಂಬ ಸಣ್ಣ ಅಳುಕು ನನಗೆ.

ಬೆಳ್ಳಿಯ ವರ್ಷ ಸಿಕ್ಕಿದರೂ ಅದು ಬೆಳ್ಳಿಯದಷ್ಟೇ. ಪೈಪಿನ ಕೊರಳು ಒಣಗಿ ಬಿರುಕು ಬಿಟ್ಟರೆ ಅದು ಇನ್ನಷ್ಟು ಸೀಳದಿರಲೆಂದು ಬೆಳ್ಳಿಯ ಬಳೆ ತೊಡಿಸುವುದುಂಟು. ಹಾಗೆ ತೊಡಿಸಿದ್ದಾದರೆ ಮರ ಬೆಳ್ಳಿಗಿಂತ ಹಿರಿಯದು. ಮರದ ಪ್ರಾಯ ಕೇಳಲು ಹೊರಟರೆ ಬರ್ಮಿಂಗ್‌ಹ್ಯಾಮನ್ನು ಬಿಟ್ಟು ಮೆಡಿಟರೇನಿಯನ್ ಸಮುದ್ರದ ದಂಡೆಯ ಬೆಟ್ಟಗಳಿಗೆ ಹೋಗಬೇಕು. ಅಲ್ಲಿ ಕಾರ್ಸಿಕಾ, ಕಲಾಬ್ರಿಯಾ, ಆಲ್ಜೀರಿಯಾದ ಒಣ ಇಳಿಜಾರುಗಳಲ್ಲಿ ಬಿಳಿಯ ಪುಟ್ಟ ಹೂಬಿಡುವ ಒಂದು ಪೊದೆ, ಬ್ರಯರ್. ಅದರ ಕಾಂಡ ಪೈಪಿಗೆ ಬರುವುದಿಲ್ಲ. ಕಾಂಡಕ್ಕೂ ಬೇರಿಗೂ ನಡುವೆ ಮಣ್ಣೊಳಗೆ ಒಂದು ಗಂಟು ಊದಿಕೊಳ್ಳುತ್ತದೆ, ನೀರನ್ನೂ ಚಿಗುರಿನ ಕಸುವನ್ನೂ ಹುದುಗಿಸಿಟ್ಟುಕೊಂಡ ಗಂಟು. ಕಾಡ್ಗಿಚ್ಚು ಬಂದು ಮೇಲಿನದೆಲ್ಲ ಬೂದಿಯಾದ ಮೇಲೆ ಮಣ್ಣಡಿಯ ಆ ಗಂಟಿನಿಂದಲೇ ಪೊದೆ ಮತ್ತೆ ತಲೆಯೆತ್ತುತ್ತದೆ. 30 ವರ್ಷ, 50 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕತ್ತಲಲ್ಲಿ ಮಾಗಿದ ಗಂಟನ್ನು ಅಗೆದು, ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿ, ಆಮೇಲೆ ಕೊರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಸೇಂಟ್ ಕ್ಲೋಡ್ ಎಂಬ ಬೆಟ್ಟದೂರಿನ ಮರಗೆಲಸದವರ ಕೈಗೆ ಇದು ಸಿಗುವವರೆಗೆ ಯೂರೋಪಿನ ಪೈಪುಗಳು ಹೆಚ್ಚಾಗಿ ಮಣ್ಣಿನವು, ಸುಲಭಕ್ಕೆ ಮುರಿಯುವವು.

ಕಾಡ್ಗಿಚ್ಚನ್ನು ಸಹಿಸಲು ಕಲಿತ ಗಂಟಿನೊಳಗೇ ಮನುಷ್ಯ ಒಂದು ಚಿಟಿಕೆ ಕೆಂಡವನ್ನು ಸಾಕಿಕೊಂಡ ಎನ್ನುವುದನ್ನು ನೆನೆದಾಗಲೆಲ್ಲ ಬೆರಳುಗಳು ಸುಮ್ಮನಾಗುತ್ತವೆ. ಬಟ್ಟಲಿನ ಒಂದು ಮಗ್ಗುಲಲ್ಲಿ ನೆಟ್ಟಗೆ ಏರುವ ಗೆರೆಗಳು, ಇನ್ನೊಂದು ಮಗ್ಗುಲಲ್ಲಿ ಅದೇ ಗೆರೆಗಳ ತುದಿಗಳು ನೂರಾರು ಪುಟ್ಟ ಕಣ್ಣುಗಳಾಗಿ ಬಿಚ್ಚಿಕೊಂಡಿವೆ. ಪ್ರತಿ ಕಣ್ಣೂ ಒಂದು ಗೆರೆ ಹೊರಗೆ ಬಂದು ನಿಂತ ಜಾಗ. ಕುದಿಯುವ ನೀರು, ಗರಗಸ, ಮೇಣ, ಬೆಂಕಿ ಎಲ್ಲವನ್ನೂ ದಾಟಿ ಬಂದ ಆ ಕಣ್ಣುಗಳು ಜಯನಗರದ ಹಸಿರು ಬೆಳಕಿನಲ್ಲಿ ತೆರೆದೇ ಇವೆ. ಪೊದೆ ಯಾವ ಮಳೆಗಾಲದಲ್ಲಿ ಮೊಳೆಯಿತು ಎಂದು ಕೇಳಲು ಯಾವ ಮುದ್ರೆಯೂ ಇಲ್ಲ. ಬೆಳೆಯುವುದಕ್ಕೆ ಸಾಕ್ಷಿ ಬೇಕಿರಲಿಲ್ಲ.

ಬಾಯಿಗಿಡುವ ಕಪ್ಪು ಕೊಳವೆಗೆ ತನ್ನದೇ ಗಡಿಯಾರ. ಅದು ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡಿದ ವಲ್ಕನೈಟ್. ಹೊಸದರಲ್ಲಿ ಕಾಡಿಗೆಯಂತೆ ಹೊಳೆಯುವ ಅದು ಬೆಳಕಿಗೂ ತೇವಕ್ಕೂ ಒಡ್ಡಿಕೊಂಡಂತೆ ಒಳಗಿನ ಗಂಧಕವನ್ನು ಮೇಲಕ್ಕೆ ಬಿಟ್ಟುಕೊಟ್ಟು ಕಂದು ಹಸಿರಿಗೆ ತಿರುಗುತ್ತದೆ. ಆ ಹಸಿರನ್ನು ಅಳೆದು ವರ್ಷ ಹೇಳಲಾಗದು. ಪೆಟ್ಟಿಗೆಯಲ್ಲಿ ಮಲಗಿದ ಐವತ್ತು ವರ್ಷ ಕಪ್ಪಾಗಿಯೇ ಉಳಿಸಬಹುದು, ಕಿಟಕಿಯ ಬಳಿ ಕಳೆದ ಒಂದೆರಡು ಬೇಸಗೆ ಮುದಿಮಾಡಬಹುದು. ಅದು ಎಣಿಸುವುದು ತಾನು ಕಂಡ ಬೆಳಕನ್ನು, ದಿನಗಳನ್ನಲ್ಲ. ಕತ್ತಲಲ್ಲಿ ಕಳೆದ ಕಾಲ ಅದರ ಲೆಕ್ಕಕ್ಕೇ ಇಲ್ಲ ಎಂದುಕೊಂಡಾಗ, ನಮ್ಮ ವಯಸ್ಸನ್ನೂ ಹೀಗೇ ಎಣಿಸಿದ್ದರೆ ಯಾರು ಯಾರಿಗೆ ಹಿರಿಯರಾಗುತ್ತಿದ್ದೆವೋ ಎನ್ನಿಸಿತು.

ಬಟ್ಟಲಿನ ಒಳಗೋಡೆಗೆ ಅಂಟಿದ ಕರಿಕಿಟ್ಟದ್ದು ಇನ್ನೂ ಬೇರೆ ಕಥೆ. ಹೊಗೆಸೊಪ್ಪು ಒಂದು ಬೆಳೆಯ ಗಿಡ, ಕೆಲವೇ ತಿಂಗಳ ಬಾಳು. ಆ ಕೆಲವು ತಿಂಗಳು ಗಾಳಿಯಿಂದ ಹೀರಿದ ಇಂಗಾಲವೇ ಅದರ ಎಲೆ, ಎಲೆ ಸುಟ್ಟು ಉಳಿದದ್ದೇ ಈ ಮಸಿ. 1950ರ ದಶಕದಿಂದ ಬಯಲಿನಲ್ಲಿ ನಡೆದ ಅಣುಬಾಂಬು ಪರೀಕ್ಷೆಗಳು ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣವನ್ನು ಏರಿಸುತ್ತ ಹೋಗಿ 1963ರ ಹೊತ್ತಿಗೆ ಹೆಚ್ಚುಕಡಿಮೆ ಇಮ್ಮಡಿ ಮಾಡಿದ್ದವು. ಆ ವರ್ಷ ಪರೀಕ್ಷೆಗೆ ಕಡಿವಾಣ ಹಾಕುವ ಒಪ್ಪಂದವಾದ ಮೇಲೆ ಅದು ಮೆಲ್ಲಗೆ ಇಳಿಯಿತು. ಹೀಗಾಗಿ ಆ ವರ್ಷಗಳಲ್ಲಿ ಎಲೆಬಿಟ್ಟ ಯಾವ ಗಿಡವಾದರೂ, ಅದು ವರ್ಜೀನಿಯಾದ್ದೇ ಆಗಲಿ ನಮ್ಮ ಹುಣಸೂರು ಪಿರಿಯಾಪಟ್ಟಣದ್ದೇ ಆಗಲಿ, ಆ ಗುರುತನ್ನು ಹೊತ್ತಿದೆ. ಈ ಮಸಿಯ ಒಂದು ಕಣವನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಕೊನೆಯ ಸಂಜೆಗಳು ಆ ಸ್ಫೋಟಗಳ ಮುಂಚಿನವೋ ಆಚೆಯವೋ ಎಂದು ತಿಳಿದೀತು. ಜಯನಗರದ ಹಳೆಯ ಸಾಲುಮರಗಳಲ್ಲೂ, ತೊಗಟೆಯ ಒಳಗೆ, ಆ ವರ್ಷಗಳಲ್ಲಿ ಕಟ್ಟಿಕೊಂಡ ಮರದಲ್ಲಿ ಅದೇ ಗುರುತು ಇದೆ. ಅವುಗಳ ನೆರಳಲ್ಲಿ ಬೆಳಗಿನ ವಾಕಿಂಗ್ ಹೋಗುವವರು, ಎಳನೀರು ಕುಡಿಯುವವರು, ತರಕಾರಿ ಗಾಡಿಯವರು, ಯಾರಿಗೂ ತಲೆಯ ಮೇಲೆ ಲೋಕದ ಅಷ್ಟು ದೊಡ್ಡ ಭಯವೊಂದು ಎಲೆಯಾಗಿ, ಮರವಾಗಿ, ತಂಪಾಗಿ ಕೂತಿದೆಯೆಂದು ಅನ್ನಿಸುವುದಿಲ್ಲ. ಮರಕ್ಕೂ ಅನ್ನಿಸಿರಲಿಕ್ಕಿಲ್ಲ. ಬಂದ ಗಾಳಿಯನ್ನು ಅದು ಉಸಿರಾಡಿತು, ಅಷ್ಟೆ.

ನಮ್ಮ ನಾಡಿನಲ್ಲಿ ದಿನಮಾನ ಸಿಕ್ಕ ಮೊದಮೊದಲ ಪೈಪುಗಳಲ್ಲಿ ಒಂದು ವಿಜಯಪುರದ ನಂಟಿನದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗ್ ಅಲ್ಲಿ ಹೊಗೆಸೊಪ್ಪನ್ನು ಕಂಡು ಬೆರಗಾಗಿ, ಉತ್ತರದಲ್ಲಿ ತಾನೆಂದೂ ನೋಡಿರದ ಈ ವಸ್ತುವನ್ನು 1604ರ ಸುಮಾರಿಗೆ ಆಗ್ರಾಕ್ಕೆ ಹೊತ್ತುಕೊಂಡು ಹೋದ. ಜೊತೆಗೆ ಒಂದು ಪೈಪನ್ನೂ ಮಾಡಿಸಿದ. ಅದರ ವಿವರವನ್ನು ಅವನೇ ಬರೆದಿಟ್ಟಿದ್ದಾನೆ. ಸುಮಾತ್ರಾದ ಅಚೆಯಿಂದ ಬಂದ ಮೂರು ಮೊಳದ ಕೊಳವೆ, ಎರಡು ತುದಿಗೂ ರತ್ನ ಮತ್ತು ಬಣ್ಣದ ಎರಕ, ಬಾಯಿಗಿಡಲು ಯೆಮನ್ ದೇಶದ ಕೆಂಪು ಕಲ್ಲಿನ ಮೊಟ್ಟೆಯಾಕಾರದ ತುದಿ, ಕಿಡಿ ಹೊತ್ತಿಸಲು ಚಿನ್ನದ ಸಲಕರಣೆ. ಆದಿಲ್‌ಶಾಹ ಕೊಟ್ಟಿದ್ದ ಎಲೆಯಡಿಕೆಯ ಸಂಚಿಯಲ್ಲಿ ಹೊಗೆಸೊಪ್ಪು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಬಾದಶಹನ ಮುಂದಿಟ್ಟ. ಹಕೀಮರು ಬೇಡವೆಂದರು. ವಯಸ್ಸಾಗಿದ್ದ ಅಕ್ಬರ ದೂತನ ಮನಸ್ಸು ನೋಯಿಸಬಾರದೆಂದು ಒಂದೆರಡು ದಮ್ಮು ಎಳೆದು ಬದಿಗಿಟ್ಟ. ಮರುವರ್ಷ ಅವನು ತೀರಿಕೊಂಡ, ಹಕೀಮರ ಅನುಮಾನಕ್ಕೆ ಮುಂದೆ ಜಗತ್ತೇ ತಲೆದೂಗಿತು.

ಆ ಪೈಪಿಗೆ ಇಸವಿಯಿದೆ, ಅಳತೆಯಿದೆ, ಬಣ್ಣವಿದೆ, ಅದನ್ನು ಮುಟ್ಟಿದವರ ಹೆಸರುಗಳಿವೆ. ಪೈಪು ಮಾತ್ರ ಇಲ್ಲ. ನನ್ನ ಮೇಜಿನ ಮೇಲಿನದಕ್ಕೆ ಮೈಯಿದೆ, ತೂಕವಿದೆ, ವಾಸನೆಯಿದೆ. ಇಸವಿಯಿಲ್ಲ, ಹೆಸರಿಲ್ಲ. ಮಧ್ಯಾಹ್ನದ ಹೊತ್ತು ಬೀದಿ ನಿಶ್ಶಬ್ದವಾದಾಗ ಎರಡನ್ನೂ ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡರೆ, ಕಾಲ ಯಾವುದಾದರೂ ಒಂದನ್ನಷ್ಟೇ ಉಳಿಸಿಕೊಡುತ್ತದೇನೋ, ನೆನಪನ್ನು ಕೊಟ್ಟರೆ ಮೈಯನ್ನು ತೆಗೆದುಕೊಳ್ಳುತ್ತದೆ, ಮೈಯನ್ನು ಬಿಟ್ಟರೆ ನೆನಪನ್ನು ಒಯ್ಯುತ್ತದೆ ಎನ್ನಿಸುತ್ತದೆ. ಎರಡನ್ನೂ ಉಳಿಸಿಕೊಂಡ ವಸ್ತುಗಳು ವಸ್ತುಸಂಗ್ರಹಾಲಯದ ಗಾಜಿನ ಹಿಂದಿವೆ, ಅವುಗಳನ್ನು ಮುಟ್ಟುವಂತಿಲ್ಲ.

ಮಣ್ಣಿನ ಪೈಪುಗಳ ಪ್ರಾಯ ಕಂಡುಹಿಡಿದ ಬಗೆ ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದೆ. ಅಮೆರಿಕದ ಹಳೆಯ ವಸಾಹತುಗಳನ್ನು ಅಗೆಯುವವರಿಗೆ ಮಣ್ಣಿನಲ್ಲಿ ಪೈಪಿನ ಕೊಳವೆಯ ತುಂಡುಗಳು ಸಾವಿರಗಟ್ಟಲೆ ಸಿಗುತ್ತಿದ್ದವು. ಬೆರಳುದ್ದದ ಬಿಳಿ ಚೂರುಗಳು, ಮೇಲೆ ಹೆಸರಿಲ್ಲ, ಮುದ್ರೆಯಿಲ್ಲ. ಹ್ಯಾರಿಂಗ್ಟನ್ ಎಂಬ ಪುರಾತತ್ವಜ್ಞ ಅವುಗಳ ತೂತಿನೊಳಗೆ ಬಡಗಿಯ ಬೈರಿಗೆಯ ಅಲಗುಗಳನ್ನು ತೂರಿಸಿ ನೋಡುತ್ತ ಹೋದ. 1954ರಲ್ಲಿ ಅವನು ತೋರಿಸಿದ್ದು ಇಷ್ಟು: 1600ರ ಆಸುಪಾಸಿನ ಕೊಳವೆಗಳ ತೂತು ಹೆಚ್ಚಾಗಿ ಇಂಚಿನ 64ರಲ್ಲಿ 9 ಪಾಲು, ತಲೆಮಾರು ಕಳೆದಂತೆ 8, 7, 6, 5 ಎಂದು ಕಿರಿದಾಗುತ್ತ 1800ರ ಹೊತ್ತಿಗೆ 4. ಜನ ಉದ್ದನೆಯ ಕೊಳವೆ ಬಯಸಿದರು, ಉದ್ದಕ್ಕೆ ತಕ್ಕಂತೆ ಕುಂಬಾರರು ತಂತಿಯನ್ನು ತೆಳುವಾಗಿಸಿದರು, ಹೊಗೆಯ ದಾರಿ ಸಣ್ಣದಾಯಿತು. ಮಣ್ಣು ಏನೂ ಹೇಳದಿದ್ದಾಗ ಮಣ್ಣಿನೊಳಗಿನ ಬಯಲು ಹೇಳಿತು. ಇಲ್ಲದ್ದನ್ನು ಅಳೆದು ಇರುವುದರ ಪ್ರಾಯ ಕಂಡುಕೊಂಡರು. ಶರಣರ ನಾಡಿನಲ್ಲಿ ಹುಟ್ಟಿದವನಿಗೆ ಇದು ಬರಿಯ ಲೆಕ್ಕಾಚಾರವಾಗಿ ಕೇಳುವುದಿಲ್ಲ. ಉಸಿರು ಹೋಗಿ ಬಂದ ಆ ಸಪೂರ ಕತ್ತಲೆಯ ಮುಂದೆ ನನಗೆ ತಲೆ ತನಗೆ ತಾನೇ ಬಾಗುತ್ತದೆ.

ಕೊನೆಗೆ ಬನಶಂಕರಿಯ ಒಂದು ಸಣ್ಣ ಅಂಗಡಿಯಲ್ಲಿ, ಒರೆಗಲ್ಲು, ಇಕ್ಕಳ, ಪುಟ್ಟ ತಕ್ಕಡಿಯ ನಡುವೆ ಕಾಲು ಮಡಚಿ ಕೂರುವ ವಯಸ್ಸಾದ ಅಕ್ಕಸಾಲಿಗರಿಗೆ ತೋರಿಸಿದೆ. “ಆಚಾರ್ರೇ, ಈ ಅಕ್ಷರದ ಸುತ್ತ ಗುರಾಣಿ ಯಾವ ಆಕಾರದ್ದು ಅಂತ ಕಾಣುತ್ತಾ?” ಎಂದೆ. ಅವರು ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು, ದೀಪದ ಕೆಳಗೆ ಪೈಪನ್ನು ಮೆಲ್ಲಗೆ, ನಿದ್ದೆಯಲ್ಲಿರುವುದನ್ನು ಎಬ್ಬಿಸಬಾರದೆಂಬಂತೆ ತಿರುಗಿಸಿದರು. “ಬೆಳ್ಳಿ ಚೊಕ್ಕ ಇದೆ ಸ್ವಾಮಿ. ಯಾರೋ ವಿಭೂತಿ ಹಾಕಿ ತಿಕ್ಕಿ ತಿಕ್ಕಿ ಇಟ್ಟಿದ್ದಾರೆ, ಸಂದಿಯಲ್ಲಿ ಇನ್ನೂ ಬೆಳ್ಳಗಿದೆ ನೋಡಿ. ಅಕ್ಷರದ ಸುತ್ತಲಿಂದು ಸವೆದುಹೋಗಿದೆ, ವರ್ಷ ಸಿಕ್ಕೋದಿಲ್ಲ.” ನಾನು ಕೈಚಾಚಿದೆ. ಅವರು ಕೊಡಲಿಲ್ಲ. ಬಲಗೈಯಲ್ಲಿ ಒಮ್ಮೆ ಹಿಡಿದು ನೋಡಿದರು, ಎಡಗೈಗೆ ಬದಲಿಸಿದರು, ಹೆಬ್ಬೆರಳನ್ನು ಸರಿಸುತ್ತ ಒಂದು ಕಡೆ ನಿಲ್ಲಿಸಿದರು. “ಒಂದೇ ಮಗ್ಗುಲು ಸವೆದಿದೆ. ಇಲ್ಲಿ ಹೆಬ್ಬೆಟ್ಟು ಕೂರ್ತಿತ್ತು. ಎಡಗೈ ಸ್ವಾಮಿ ಅವರದು.”

ಅಂಗಡಿಯಿಂದ ಹೊರಗೆ ಬಂದು ದೇವಸ್ಥಾನದ ಕಡೆಯ ಹೂವಿನ ಸಾಲು, ಬಸ್ಸುಗಳ ಹೊಗೆ, ನಿಂಬೆಹಣ್ಣಿನ ಬುಟ್ಟಿಗಳ ನಡುವೆ ನಡೆಯುವಾಗ ನನ್ನ ಪ್ರಶ್ನೆ ತಿರುಗುಮುರುಗಾಗಿತ್ತು. ಇಷ್ಟು ದಿನ ಸವಕಳಿಯನ್ನು ಅಡ್ಡಿಯೆಂದು ಎಣಿಸುತ್ತಿದ್ದೆ, ವರ್ಷವನ್ನು ನನ್ನಿಂದ ಮುಚ್ಚಿಟ್ಟದ್ದು ಅದೇ ಎಂದು. ಈಗ ನೋಡಿದರೆ ವರ್ಷವನ್ನು ಅಳಿಸಿದ್ದೇ ವರ್ಷಗಳು. ಉಳಿಯೇಟು ಒಂದು ಕ್ಷಣದ್ದು, ಅದನ್ನು ಒರೆಸಿಹಾಕಿದ ಹೆಬ್ಬೆರಳಿನದು ಸಾವಿರಾರು ಸಂಜೆಗಳ ಕೆಲಸ. ಓದುತ್ತ, ಯೋಚಿಸುತ್ತ, ಯಾರನ್ನೋ ಕಾಯುತ್ತ, ಬೇಸರದಲ್ಲಿ, ನೆಮ್ಮದಿಯಲ್ಲಿ ಒಂದು ಬೆರಳು ಅದೇ ಜಾಗಕ್ಕೆ ಮರಳಿ ಮರಳಿ ಬಂದಿದೆ. ಆಮೇಲೆ ಇನ್ನಾವುದೋ ಮನೆಯಲ್ಲಿ, ಬಹುಶಃ ಇದೇನೆಂದೇ ತಿಳಿಯದೆ, ಬೆಳ್ಳಿ ಕಪ್ಪಾಗಬಾರದೆಂಬ ಕಾಳಜಿಯಿಂದ ಯಾರೋ ತಾಯಿ ಗೌರಿಹಬ್ಬದ ಹಿಂದಿನ ದಿನ ಕುಂಕುಮದ ಬಟ್ಟಲು, ಪಂಚಪಾತ್ರೆಗಳ ಜೊತೆಗೆ ಇದನ್ನೂ ವಿಭೂತಿಯಲ್ಲಿ ತಿಕ್ಕಿದ್ದಾರೆ. ಎರಡು ಬೇರೆ ಲೋಕಗಳ ಕೈಗಳು ಒಂದೇ ಅಕ್ಷರವನ್ನು ಪ್ರೀತಿಯಿಂದ ಕರಗಿಸಿವೆ.

ಗರ್ಭಗುಡಿಯ ಮಂದ ದೀಪದಲ್ಲಿ ಎಷ್ಟೋ ಹಳೆಯ ಮೂರ್ತಿಗಳ ಮೂಗು, ಕಣ್ಣು, ತುಟಿ ನುಣ್ಣಗೆ ಮಸುಕಾಗಿರುವುದನ್ನು ನೋಡಿದ್ದೇವೆ. ದಿನದಿನದ ಅಭಿಷೇಕದ ಹಾಲು, ನೀರು, ಎಣ್ಣೆ, ಅರ್ಚಕರ ಅಂಗೈ ಶತಮಾನಗಳ ಉದ್ದಕ್ಕೂ ಹರಿದು ಶಿಲ್ಪಿಯ ಗೆರೆಗಳನ್ನು ಅಳಿಸುತ್ತ ಬಂದಿವೆ. ಶೈಲಿ ನೋಡಿ ಕಾಲ ಹೇಳಬೇಕಾದವರಿಗೆ ಅದು ನಷ್ಟವೇ. ಬೇಗೂರಿನ ವೀರಗಲ್ಲಿನಲ್ಲಿ ಅಕ್ಷರಗಳು ಉಳಿದುಕೊಂಡದ್ದರಿಂದಲೇ ವಿದ್ವಾಂಸರು ಅದನ್ನು ಸುಮಾರು 890ರದೆಂದು ಗುರುತಿಸಲು ಸಾಧ್ಯವಾಯಿತು, ಬೆಂಗಳೂರೆಂಬ ಹೆಸರು ಅಷ್ಟು ಹಳೆಯದೆಂದು ನಮಗೆ ತಿಳಿಯಿತು, ಆ ಕಾಳಗದಲ್ಲಿ ಸತ್ತ ಬುಟ್ಟನಸೆಟ್ಟಿ ಇನ್ನೂ ಹೆಸರುಳ್ಳವನಾಗಿ ನಿಂತ. ಆದರೂ ಕರ್ಪೂರದ ಬೆಳಕಿನಲ್ಲಿ ಮುಖವಿಲ್ಲದ ದೇವರ ಮುಂದೆ ನಿಂತವರು ಮುಖ ಎಲ್ಲಿ ಎಂದು ಕೇಳುವುದಿಲ್ಲ. ಅಷ್ಟು ಕೈಗಳು ಮುಟ್ಟಿದ ಕಲ್ಲಿಗೆ ಬೇರೆ ಗುರುತು ಬೇಕೆನ್ನಿಸುವುದಿಲ್ಲ.

ಸಂಜೆ ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಹತ್ತಿರ ಕೂತಾಗ ಪೈಪು ಜೇಬಿನಲ್ಲಿತ್ತು. 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಅದರ ಮೈಮೇಲೆ ಬೆಳಕಿನ ಪಟ್ಟೆ, ಕಪ್ಪಿನ ಪಟ್ಟೆ, ಒಂದು ಕಾಲಕ್ಕೆ ಬೆಂದು ಬಾಗಿ ಹರಿದದ್ದು ಹಾಗೆಯೇ ನಿಂತಂತೆ. ಮಕ್ಕಳು ಜಾರುತ್ತಿದ್ದರು, ಒಬ್ಬರು ಹಿರಿಯರು ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಮೆಲ್ಲಗೆ ಹತ್ತುತ್ತಿದ್ದರು, ಬಂಡೆಯ ನಡುವೆ ಜನ ನಡೆದು ನಡೆದು ಮೂಡಿದ ನುಣುಪಾದ ಹಾದಿಯೊಂದು ಇಳಿಬಿಸಿಲಿಗೆ ಹೊಳೆಯುತ್ತಿತ್ತು. 300 ಕೋಟಿ ವರ್ಷದ ಮೇಲೆ ಪಾದಗಳ ಸವಕಳಿ ಒಂದು ಕೂದಲೆಳೆಯಷ್ಟೂ ಇರಲಾರದು. ಆದರೆ ಇಡೀ ಬಂಡೆಯಲ್ಲಿ ನನ್ನ ಕೈ ಹುಡುಕಿ ಮುಟ್ಟಿದ್ದು ಅದನ್ನೇ.

ಮನೆಗೆ ಬಂದವರು ಪೈಪನ್ನು ಕಂಡು, ಎಷ್ಟು ವರ್ಷದ್ದು ಇದು ಎಂದು ಕೇಳುತ್ತಾರೆ. ಯಾವುದರ ವರ್ಷ ಕೇಳುತ್ತಿದ್ದೀರಿ, ಬೆಳ್ಳಿಯದೋ, ಗಂಟಿನದೋ, ಹೊಗೆಯದೋ ಎಂದು ಮರುಪ್ರಶ್ನೆ ಹಾಕಿದರೆ ಜಾಣತನವೆನ್ನಿಸೀತೆಂದು, ಮೂರು ಇಸವಿಗಳನ್ನೂ ಹೇಳಿ ನಿಮಗೆ ಇಷ್ಟವಾದದ್ದನ್ನು ಇಟ್ಟುಕೊಳ್ಳಿ ಎನ್ನುತ್ತೇನೆ. ಹೇಳುವಾಗ ನನ್ನ ಹೆಬ್ಬೆರಳು ತಾನಾಗಿ ಆ ಮಸುಕು ಅಕ್ಷರವನ್ನು ಹುಡುಕಿಕೊಂಡು ಹೋಗಿ ಅದರ ಮೇಲೆ ಕೂರುತ್ತದೆ. ಕೇಳುವವರ ಬೆರಳೂ ಹೋಗುತ್ತದೆ. ಪ್ರಾಯ ಕೇಳಿದ ಪ್ರತಿಸಲವೂ ಕಣ್ಣಿಗೆ ಕಾಣದಷ್ಟು ಬೆಳ್ಳಿ ನಮ್ಮ ಬೆರಳಿಗೆ ಹತ್ತಿಕೊಂಡು ಬರುತ್ತಿರಬೇಕು. ಬೆರಗಿಗೂ ಒಂದು ತೂಕವಿದೆ, ಅದೂ ಸವೆಸುತ್ತದೆ. ನನ್ನ ನಂತರ ಇದನ್ನು ಹಿಡಿದು ಇಸವಿ ಹುಡುಕುವವರಿಗೆ ‘ಸಿ’ ಇನ್ನಷ್ಟು ಮಸುಕಾಗಿರುತ್ತದೆ, ಪೈಪಿನ ಪ್ರಾಯ ಮಾತ್ರ ಇನ್ನಷ್ಟು ಸ್ಪಷ್ಟವಾಗಿರುತ್ತದೆ.